ಹುಣಸೆ ಬೀಜದ ಲೆಕ್ಕ

ಆಂಧ್ರಕ್ಕೆ ಕೆಲಸಕ್ಕೆಂದು ಬಂದ ಕನ್ನಡಿಗನಿಗೆ ತೆಲುಗು ಬೇಗ ಹತ್ತಿರವಾಗುವುದು ಎರಡು ಕಡೆ. ಒಂದು ಊಟದ ಎಲೆಯ ಮುಂದೆ, ಇನ್ನೊಂದು ಇಸ್ಪೀಟಿನ ಎಲೆಯ ಮುಂದೆ. ತೆಲುಗರು ಇಸ್ಪೀಟಿಗೆ ಪೇಕ ಅನ್ನುತ್ತಾರೆ, ಒಂದೊಂದು ಎಲೆಗೆ ಮುಕ್ಕ. ನಮ್ಮ ಮೂರೆಲೆ ಅವರ ಬಾಯಲ್ಲಿ ಮೂಡು ಮುಕ್ಕಲಾಟ. ಇಷ್ಟು ಗೊತ್ತಾದರೆ ಸಾಕು, ಮಿಕ್ಕಿದ್ದೆಲ್ಲ ನಮ್ಮದೇ. ಎಲೆ ಎತ್ತಿ ನೋಡಿದರೆ ಅವರಿಗೂ ಆಟಿನ್ ಆಟೀನೇ, ಕಳಾವರ್ ಕಳಾವರೇ. ಈ ಎರಡು ಹೆಸರು ಕನ್ನಡವೂ ಅಲ್ಲ, ತೆಲುಗೂ ಅಲ್ಲ; ಡಚ್ಚರ ಹಾರ್ಟೆನ್ ಮತ್ತು ಕ್ಲಾವರ್. ಇಸ್ಪೀಟು ಪೋರ್ಚುಗೀಸರ ಎಸ್ಪಾದ. ಹದಿನೇಳನೇ ಶತಮಾನದಲ್ಲಿ ಡಚ್ಚರು ಕೋಠಿ ಹಾಕಿ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಮಚಲೀಪಟ್ಟಣ ವಿಜಯವಾಡದಿಂದ ಸುಮಾರು 70 ಕಿಲೋಮೀಟರ್. ಅವರ ಕೋಠಿ ಹೋಯಿತು, ಬಟ್ಟೆ ಹೋಯಿತು, ಕಳಾವರ್ ಉಳಿಯಿತು.

ನಾನು ಪೋಕರ್ ಕಲಿತದ್ದು ವಿಶಾಖಪಟ್ಟಣದಲ್ಲಿ, ಚಂಡಮಾರುತದ ದಯೆಯಿಂದ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಬಂದಪ್ಪಳಿಸಿದಾಗ ನಾವು ಐದು ಜನ ಸಹೋದ್ಯೋಗಿಗಳು ಎಂ.ವಿ.ಪಿ. ಕಾಲೊನಿಯ ಒಂದು ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿದ್ದೆವು. ಬೆಳಿಗ್ಗೆ ಎದ್ದು ನೋಡಿದರೆ ಹಸಿರಾಗಿದ್ದ ಗುಡ್ಡಗಳೆಲ್ಲ ಕಂದು. ರಸ್ತೆ ತುಂಬ ಮರ, ಮರದ ಮೇಲೆ ಕಂಬ. ಕರೆಂಟಿಲ್ಲ, ಫೋನ್ ಇಲ್ಲ, ಋಷಿಕೊಂಡದ ಆಫೀಸಿಗೆ ಬೀಗ, ಹಾಲಿನ ಪ್ಯಾಕೆಟ್ಟಿಗೆ ಮೈಲುದ್ದ ಸಾಲು. ನಮ್ಮ ಬೀದಿಗೆ ಕರೆಂಟು ಬರಲು ಒಂದು ವಾರ ದಾಟಿತು. ಸಂಜೆ ಆರಕ್ಕೇ ಕತ್ತಲು. ಮನೆಯಲ್ಲಿದ್ದದ್ದು ಮೇಣದಬತ್ತಿ, ಒಂದು ಕಟ್ಟು ಇಸ್ಪೀಟು.

ಐವರಲ್ಲಿ ಕನ್ನಡದವರು ಇಬ್ಬರು. ನಾನು, ಮತ್ತೊಬ್ಬ ಬಳ್ಳಾರಿಯವನು. ಕನ್ನಡ ತೆಲುಗು ಎರಡರಲ್ಲೂ ಸಮಾನ ವೇಗದಲ್ಲಿ ಜಗಳವಾಡಬಲ್ಲವನು. ಉಳಿದ ಮೂವರಲ್ಲಿ ಒಬ್ಬ ವಿಜಯವಾಡದವನು. ಅವನು ತನ್ನ ಊರನ್ನು ಇವತ್ತಿಗೂ ಬೆಜವಾಡ ಅನ್ನುತ್ತಾನೆ, ಆದ್ದರಿಂದ ಅವನನ್ನು ಬೆಜವಾಡದವನು ಅಂತಲೇ ಕರೆಯುತ್ತೇನೆ. ಮೊದಲ ರಾತ್ರಿ ಮೂರೆಲೆ ಶುರುವಾದಾಗ ಅವನು ಎಲೆ ಕಲಸುತ್ತಾ ಒಂದು ಪ್ರಶ್ನೆ ಹಾಕಿದ: "ಮೂರು ಒಂದೇ ಬಂದರೆ ದೊಡ್ಡದಾ, ಒಂದೇ ಬಣ್ಣದ ಸಾಲು ಬಂದರೆ ದೊಡ್ಡದಾ?" ಮೂರು ಒಂದೇ ದೊಡ್ಡದು, ಅದು ಮಕ್ಕಳಿಗೂ ಗೊತ್ತು. "ಯಾಕೆ?" ಅಪರೂಪ ಅದಕ್ಕೆ. "ಅಲ್ಲ ಮಾವಾ," ಅಂದ. ಮೂರೆಲೆಯಲ್ಲಿ ಒಟ್ಟು 22,100 ಬಗೆಯ ಕೈ ಬರಬಹುದು. ಅದರಲ್ಲಿ ಮೂರು ಒಂದೇ ಬರುವುದು 52 ಬಗೆ, ಒಂದೇ ಬಣ್ಣದ ಸಾಲು 48 ಬಗೆ. ಇಡೀ ದೇಶ ದೀಪಾವಳಿಯಿಂದ ದೀಪಾವಳಿಗೆ ತಪ್ಪು ಕ್ರಮದಲ್ಲಿ ಆಡುತ್ತಿದೆ ಅನ್ನುವುದು ಅವನ ದೂರು. ಬಳ್ಳಾರಿಯವನು ಮೇಣದಬತ್ತಿ ಸರಿಮಾಡುತ್ತಾ, "ಸರಿ, ಎಲೆ ಹಾಕಯ್ಯಾ," ಅಂದ.

ಎರಡನೇ ರಾತ್ರಿ ಅವನು ಪೋಕರ್ ಕಲಿಸಿದ. ದುಡ್ಡಿಡುವುದು ಬೇಡ ಅಂತ ಮೊದಲೇ ಆಗಿತ್ತು, ಎ.ಟಿ.ಎಂ. ಕೂಡ ಸತ್ತಿದ್ದ ವಾರವದು. ಕೆಳಗಿನ ಮನೆಯ ಓನರಮ್ಮ ಒಂದು ಚೀಲ ಹುಣಸೆ ಬೀಜ ಕೊಟ್ಟರು. ಅವರ ಭಾಷೆಯಲ್ಲಿ ಚಿಂತಪಿಕ್ಕಲು. ತಲೆಗೆ 200 ಬೀಜ, ಕೊನೆಗೆ ಅತಿ ಕಡಿಮೆ ಬೀಜ ಉಳಿದವನು ಪಾತ್ರೆ ತೊಳೆಯಬೇಕು. ಆ ನಿಯಮ ಇವತ್ತಿಗೂ ಬದಲಾಗಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬರಿಗೂ ಎರಡೆರಡು ಎಲೆ, ಕವುಚಿ. ಆಮೇಲೆ ನಡುವೆ ಎಲ್ಲರಿಗೂ ಕಾಣುವಂತೆ ಮೊದಲು ಮೂರು ಎಲೆ, ನಂತರ ಒಂದು, ಕೊನೆಗೆ ಇನ್ನೊಂದು. ಕೈಯಲ್ಲಿರುವ ಎರಡು, ನೆಲದಲ್ಲಿರುವ ಐದು, ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಳ್ಳಬೇಕು. ಪ್ರತಿ ಹಂತದಲ್ಲೂ ಬೀಜ ಹಾಕಬಹುದು, ಏರಿಸಬಹುದು, ಇಲ್ಲ ಪ್ಯಾಕ್ ಆಗಬಹುದು. ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಬೀಜಕ್ಕೆ ಬ್ಲೈಂಡ್ ಅಂತ ಹೆಸರು. ನಮ್ಮಲ್ಲಿ ದೊಡ್ಡ ಬ್ಲೈಂಡ್ ಎರಡು ಬೀಜ. ಮೂರೆಲೆ ಆಡಿದವರಿಗೆ ಇದೇನೂ ಹೊಸದಲ್ಲ. ವ್ಯತ್ಯಾಸ ಇಷ್ಟೇ: ಮೂರೆಲೆಯಲ್ಲಿ ಎದುರಿನವನ ಮುಖ ನೋಡಿ ಊಹೆ ಮಾಡಬೇಕು, ಇಲ್ಲಿ ನೆಲದ ಎಲೆ ನೋಡಿ ಲೆಕ್ಕವನ್ನೂ ಮಾಡಬಹುದು.

ಲೆಕ್ಕ ಅಂದರೆ ಹೇಗೆ? ನನಗೆ ನೆನಪಿರುವ ಒಂದು ಕೈ ಹೇಳುತ್ತೇನೆ. ನನ್ನ ಹತ್ತಿರ ಎರಡು ಎಕ್ಕ, ಇಸ್ಪೀಟ್ ಮತ್ತು ಡೈಮಂಡ್. ಎರಡೂ ಎಕ್ಕ ಬರುವುದು 221 ಕೈಗೆ ಒಮ್ಮೆ. ರಾತ್ರಿಗೆ 80 ಕೈ ಆಡುವ ನಮಗೆ ಮೂರು ರಾತ್ರಿಗೆ ಒಮ್ಮೆ ಸಿಗುವ ಯೋಗ. ನೆಲದಲ್ಲಿ ಕಳಾವರ್ 9, ಕಳಾವರ್ 4, ಆಟಿನ್ 2. ನಡುವೆ 90 ಬೀಜ. ನನ್ನಲ್ಲಿ ಉಳಿದಿದ್ದ 60 ಬೀಜವನ್ನೂ ತಳ್ಳಿದೆ. ಎದುರಿಗೆ ಬೆಜವಾಡದವನು, ಅವನ ಕೈಯಲ್ಲಿ ಕಳಾವರ್ ರಾಜ, ಕಳಾವರ್ ಗುಲಾಮ. ಆ ಕ್ಷಣಕ್ಕೆ ಅವನ ಹತ್ತಿರ ಒಂದು ಜೋಡಿಯೂ ಇಲ್ಲ. ಆದರೆ ಇನ್ನೊಂದು ಕಳಾವರ್ ಬಿದ್ದರೆ ಐದೂ ಒಂದೇ ಬಣ್ಣ, ನನ್ನ ಎಕ್ಕಗಳ ಕಥೆ ಮುಗಿಯಿತು. ಹದಿಮೂರು ಕಳಾವರ್‌ನಲ್ಲಿ ನಾಲ್ಕು ಅವನಿಗೆ ಕಾಣುತ್ತಿವೆ, ಒಂಬತ್ತು ಉಳಿದಿವೆ. ಕಾಣದ ಎಲೆ 47, ಬರಬೇಕಾದ ಎಲೆ ಎರಡು. ಎರಡರಲ್ಲಿ ಒಂದಾದರೂ ಕಳಾವರ್ ಆಗುವ ಸಾಧ್ಯತೆ ಶೇ 35. ಅವನು ಹಾಕಬೇಕಾದದ್ದು 60, ಹಾಕಿದ ಮೇಲೆ ಗುಡ್ಡೆ 210. 210ರಲ್ಲಿ 60 ಅಂದರೆ ಸುಮಾರು ಶೇ 29. ಮೂರರಲ್ಲಿ ಎರಡು ಸಲ ಸೋಲುತ್ತೇನೆ ಅಂತ ಗೊತ್ತಿದ್ದೂ ಹಾಕುವುದೇ ಸರಿ. ಹಾಕಿದ. ಕೊನೆಯ ಎಲೆ ಕಳಾವರ್. "ಏನ್ ಅದೃಷ್ಟಾನಯ್ಯಾ ನಿಂದು," ಎಂದು ಎಲ್ಲರೂ ಕೂಗಿದರು.

ಇನ್ನೊಂದು ರಾತ್ರಿ ಹೆಚ್ಚುಕಡಿಮೆ ಇದೇ ಎಲೆಗಳು. ನಡುವೆ ಬರೀ 40 ಬೀಜ, ಬಳ್ಳಾರಿಯವನು 80 ತಳ್ಳಿದ. ಈಗ 80 ಹಾಕಿದರೆ ಗುಡ್ಡೆ 200. ಅಂದರೆ ಶೇ 40ರಷ್ಟಾದರೂ ಗೆಲ್ಲುವ ಸಾಧ್ಯತೆ ಬೇಕು. ಇರುವುದು ಶೇ 35. ಬೆಜವಾಡದವನು ಪ್ಯಾಕ್ ಆದ. ಕುತೂಹಲಕ್ಕೆ ಮುಂದಿನ ಎಲೆ ತಿರುಗಿಸಿ ನೋಡಿದೆವು, ಕಳಾವರ್. "ಅಯ್ಯೋ, ಹೆದರಿಕೊಂಡೆ," ಎಂದು ಎಲ್ಲರೂ ನಕ್ಕರು. ಅವನು ನಗಲೂ ಇಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ, ಮುಂದಿನ ಕೈಗೆ ಎಲೆ ಎತ್ತಿಕೊಂಡ. ಅವನು ಒಳ್ಳೆಯ ಆಟಗಾರ ಅಂತ ನನಗೆ ಖಾತ್ರಿಯಾದದ್ದು ಆವತ್ತು. ಗೆದ್ದ ಕೈ ನೋಡಿ ಅಲ್ಲ, ಬಿಟ್ಟ ಕೈ ನೋಡಿ.

ಇಂಥ ತಲೆ ಅವನಿಗೆ ಎಲ್ಲಿಂದ ಬಂತು ಅನ್ನುವುದಕ್ಕೆ ಒಂದು ಸಂಕ್ರಾಂತಿಯ ಕಥೆ ಹೇಳಬೇಕು. ನಮ್ಮ ಹಳೇ ಮೈಸೂರು ಕಡೆ ಯುಗಾದಿಯ ಮಾರನೇ ದಿನ ವರ್ಷತೊಡಕಿಗೆ ಬಾಡೂಟದ ಜತೆ ಇಸ್ಪೀಟು ಇರಲೇಬೇಕಲ್ಲ, ಕರಾವಳಿ ಆಂಧ್ರದಲ್ಲಿ ಆ ಪಟ್ಟ ಸಂಕ್ರಾಂತಿಗೆ. ಭೋಗಿ, ಸಂಕ್ರಾಂತಿ, ಕನುಮ, ಮೂರು ದಿನ. ಗೋದಾವರಿ, ಕೃಷ್ಣಾ ಜಿಲ್ಲೆಗಳ ತೋಟಗಳಲ್ಲಿ ಕೋಳಿ ಪಂದ್ಯ; ಕೋರ್ಟು ಬೇಡ ಅಂದರೂ, ಪೊಲೀಸರು ಬ್ಯಾನರ್ ಕಟ್ಟಿದರೂ ನಿಲ್ಲದ್ದು. ಪಂದ್ಯದ ಅಂಗಳದ ಸುತ್ತ ಟೆಂಟು ಹಾಕಿ ಇನ್ನೂ ಏನೇನೋ ಆಟ. ಕೋತ ಮುಕ್ಕ ಅನ್ನುವುದು ನಮ್ಮ ಅಂದರ್ ಬಾಹರ್‌ನ ದಾಯಾದಿ. ಗುಂಡಾಟ ಅನ್ನುವುದು ದಾಳದ ಆಟ: ಹಲಗೆಯ ಮೇಲೆ ಆರು ಮನೆ, ಡಬ್ಬಿಯೊಳಗೆ ಕುಲುಕುವ ದಾಳಗಳು, ನೀವು ದುಡ್ಡಿಟ್ಟ ಮನೆ ಬಿದ್ದರೆ ದುಡ್ಡು.

ಬೆಜವಾಡದವನ ಅಪ್ಪನ ಹಳ್ಳಿಗೆ ಒಂದು ಕನುಮಕ್ಕೆ ಹೋಗಿದ್ದಾಗ ಇಬ್ಬರೂ ಗುಂಡಾಟದ ಟೆಂಟಿನ ಹೊರಗೆ ನಿಂತು ನೋಡಿದೆವು. ಮೂರು ದಾಳ. ಒಂದು ದಾಳದಲ್ಲಿ ನಿಮ್ಮ ಮನೆ ಬಿದ್ದರೆ ಇಟ್ಟಷ್ಟು, ಎರಡರಲ್ಲಿ ಬಿದ್ದರೆ ಎರಡರಷ್ಟು, ಮೂರರಲ್ಲೂ ಬಿದ್ದರೆ ಮೂರರಷ್ಟು. ಪಕ್ಕದಲ್ಲಿದ್ದ ರೈತರೊಬ್ಬರು ನನಗೆ ವಿವರಿಸಿದರು: ಆರು ಮನೆ, ಮೂರು ದಾಳ, ಅಂದಮೇಲೆ ಅರ್ಧಕ್ಕರ್ಧ, ಮೇಲೆ ಎರಡರಷ್ಟು ಮೂರರಷ್ಟು ಸಿಗುವುದು ಲಾಭ. ಕೇಳಿದರೆ ಸರಿಯೇ ಅನ್ನಿಸುತ್ತದೆ. ಬೆಜವಾಡದವನು ಕಬ್ಬು ಅಗಿಯುತ್ತಾ ನೆಲದ ಮೇಲೆ ಕಡ್ಡಿಯಲ್ಲಿ ಬರೆದ. ಮೂರು ದಾಳ ಬೀಳುವ ಬಗೆ 216. ನಿಮ್ಮ ಮನೆ ಒಂದರಲ್ಲೂ ಬೀಳದೇ ಇರುವುದು 125. ಒಂದರಲ್ಲಿ ಬೀಳುವುದು 75, ಎರಡರಲ್ಲಿ 15, ಮೂರರಲ್ಲೂ ಒಂದೇ ಒಂದು. ಪ್ರತಿ ಸಲ ಒಂದು ರೂಪಾಯಿ ಇಟ್ಟರೆ 216 ಸಲಕ್ಕೆ ಬರುವುದು 75, 30, 3, ಒಟ್ಟು 108. ಹೋಗುವುದು 125. ನಷ್ಟ 17 ರೂಪಾಯಿ. ನೂರಕ್ಕೆ ಎಂಟು ರೂಪಾಯಿ ಹತ್ತಿರ. ಡಬ್ಬಿ ಕುಲುಕುವವನು ಮೋಸ ಮಾಡಬೇಕಾಗಿಲ್ಲ, ಕುಲುಕುತ್ತಿದ್ದರೆ ಸಾಕು.

ನಳನ ಕಥೆ ಮಹಾಭಾರತದ ವನಪರ್ವದಲ್ಲಿ ಬರುತ್ತದೆ. ಕನಕದಾಸರ ನಳಚರಿತ್ರೆಯಿಂದ ನಮಗೆಲ್ಲ ಗೊತ್ತು. ಪಗಡೆಯಲ್ಲಿ ರಾಜ್ಯ ಕಳೆದುಕೊಂಡ ನಳ, ಋತುಪರ್ಣನ ಸಾರಥಿಯಾಗಿ ಹೋಗುವಾಗ, ಆ ರಾಜ ಒಂದು ತಾರೆಯ ಮರ ನೋಡಿ ಎಲೆ, ಕಾಯಿ ಎಷ್ಟಿವೆ ಅಂತ ಹೇಳಿಬಿಡುತ್ತಾನೆ. ಎಣಿಸಿ ನೋಡಿದರೆ ಸರಿ. ನಳ ತನ್ನ ಕುದುರೆಯ ವಿದ್ಯೆ ಕೊಟ್ಟು ಆ ಎಣಿಕೆಯ ವಿದ್ಯೆ, ದಾಳದ ವಿದ್ಯೆ ಕಲಿತು ರಾಜ್ಯ ಮರಳಿ ಗೆಲ್ಲುತ್ತಾನೆ. ಜೂಜು ಬರೀ ವಿಧಿಯಲ್ಲ, ಎಣಿಕೆಯೂ ಹೌದು ಅಂತ ಯಾರೋ ಅಷ್ಟು ಹಿಂದೆಯೇ ಕಂಡುಕೊಂಡಿದ್ದರು. ಆದರೆ ನಳ ವಿದ್ಯೆ ಕಲಿತದ್ದೇ ಒಂದೇ ಪಣದಲ್ಲಿ ಗೆದ್ದುಬಿಟ್ಟ. ಅಲ್ಲಿ ನನಗೊಂದು ತಕರಾರಿದೆ. ಅದಕ್ಕೆ ಬರುತ್ತೇನೆ.

ನಮ್ಮ ನ್ಯಾಯಾಲಯಗಳೂ ಇದೇ ಪ್ರಶ್ನೆಯನ್ನು ಬಹಳ ಕಾಲದಿಂದ ಬಿಡಿಸುತ್ತಿವೆ: ಇದು ಕೌಶಲವೋ, ಅದೃಷ್ಟವೋ? ರಮ್ಮಿ ಬಗ್ಗೆ ಇವತ್ತಿಗೂ ಎಲ್ಲರೂ ಎತ್ತಿ ತೋರಿಸುವ ತೀರ್ಪು ಆಂಧ್ರದ್ದೇ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ಪೊಲೀಸರು ದಾಳಿ ಮಾಡಿದ ಮೊಕದ್ದಮೆ, ಆಂಧ್ರಪ್ರದೇಶ ಸರ್ಕಾರ ಮತ್ತು ಸತ್ಯನಾರಾಯಣ. 1967ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು, ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಬಿಡಬೇಕು ಅಂತ ತೀರ್ಮಾನಿಸಬೇಕು, ಆದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ ಅಂದರು. ಮೂರೆಲೆಯನ್ನು ಅದೃಷ್ಟದ ಪಾಲಿಗೆ ಹಾಕಿದರು. ಅಲ್ಲಿಂದ ಮುಂದೆ ಒಂದೊಂದು ರಾಜ್ಯಕ್ಕೆ ಒಂದೊಂದು ದಾರಿ. ತೆಲಂಗಾಣ 2017ರಲ್ಲಿ, ಆಂಧ್ರ 2020ರ ಸೆಪ್ಟೆಂಬರಿನಲ್ಲಿ ದುಡ್ಡಿಟ್ಟು ಆಡುವ ಆನ್‌ಲೈನ್ ರಮ್ಮಿ, ಪೋಕರ್ ಎಲ್ಲ ನಿಷೇಧಿಸಿದವು. ಕರ್ನಾಟಕ 2021ರಲ್ಲಿ ಕಾನೂನು ತಂದಿತು, 2022ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟ್ ಅದರ ಮುಖ್ಯ ಭಾಗವನ್ನು ರದ್ದು ಮಾಡಿತು. ಹಾಗಾಗಿ ಆ ಫೆಬ್ರವರಿಯ ನಂತರ ವಿಶಾಖಪಟ್ಟಣದಲ್ಲಿ ತೆರೆಯದ ಆ್ಯಪ್ ಬೆಂಗಳೂರಿನಲ್ಲಿ ತೆರೆಯುತ್ತಿತ್ತು. ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿದರೆ ಒಂದು ರಾತ್ರಿಯ ಪ್ರಯಾಣ.

ಬೆಜವಾಡದವನು ಹತ್ತುವ ಮಾತಾಡಿದ್ದು ಆ ಮಾರ್ಚಿನಲ್ಲಿ. ಕೆಲಸ ಬಿಡುತ್ತೇನೆ, ಬೆಂಗಳೂರಿಗೆ ಹೋಗಿ ಪೋಕರನ್ನೇ ಕಸುಬು ಮಾಡಿಕೊಳ್ಳುತ್ತೇನೆ ಅಂದ. ತಮಾಷೆಯಾಗಿರಲಿಲ್ಲ. ಮನೆ ಸಾಲದ ಕಂತು ಇತ್ತು, ತಂಗಿಯ ಮದುವೆಗೆ ಹುಡುಗನ ನೋಡುತ್ತಿದ್ದರು, ಅಪ್ಪನಿಗೆ ಇನ್ನೂ ಹೇಳಿರಲಿಲ್ಲ. "ಮಾವಾ, ನಿನ್ನ ನೋಟ್‌ಬುಕ್ ಬೇಕು. ನಾನ್ನಗೆ ತೋರಿಸಬೇಕು," ಅಂದ.

ನೋಟ್‌ಬುಕ್ ಅಂದರೆ ನಾನು ಹುದ್‌ಹುದ್ ವಾರದಿಂದಲೇ ಬರೆದಿಟ್ಟ ಬೀಜದ ಲೆಕ್ಕ. ತಾರೀಕು, ಎಷ್ಟು ಕೈ, ಯಾರಿಗೆ ಎಷ್ಟು ಹೆಚ್ಚು, ಯಾರಿಗೆ ಎಷ್ಟು ಕಡಿಮೆ. ಕೋವಿಡ್ ಕಾಲ ಬಿಟ್ಟರೆ ವರ್ಷಕ್ಕೆ ಇಪ್ಪತ್ತು ಶನಿವಾರದಂತೆ ಆರು ವರ್ಷದ ಆಟ: 118 ರಾತ್ರಿ, ಸುಮಾರು 9,400 ಕೈ. ಒಟ್ಟು ಮೊತ್ತದಲ್ಲಿ ಬೆಜವಾಡದವನು ಮೊದಲಿಗ, 870 ಬ್ಲೈಂಡ್ ಮುಂದೆ. ಅವನು ಇದನ್ನು ಸರ್ಟಿಫಿಕೇಟು ಅಂದುಕೊಂಡಿದ್ದ.

ನಾನು ಓದಿದ್ದು ಸಂಖ್ಯಾಶಾಸ್ತ್ರ ಇರುವ ಎಂ.ಟೆಕ್. ಒಂದು ಭಾನುವಾರ ಕೂತು ಲೆಕ್ಕ ಹಾಕಿದೆ. ನೋಟ್‌ಬುಕ್ಕಿನ ಪ್ರಕಾರ ನಮ್ಮ ಟೇಬಲ್ಲಿನಲ್ಲಿ ಒಬ್ಬನ ಒಂದು ರಾತ್ರಿಯ ಏರುಪೇರು 80 ಬ್ಲೈಂಡ್ ಆಸುಪಾಸು. ಇದು ಬರೀ ಎಲೆ ಬಿದ್ದ ರೀತಿಯಿಂದ ಆಗುವ ಏರುಪೇರು. ರಾತ್ರಿಗಳು ಹೆಚ್ಚಿದಂತೆ ಇದು ರಾತ್ರಿಗಳ ವರ್ಗಮೂಲದಷ್ಟು ಬೆಳೆಯುತ್ತದೆ. ಕೌಶಲ ಹಾಗಲ್ಲ, ರಾತ್ರಿಗಳ ಲೆಕ್ಕದಲ್ಲೇ ಬೆಳೆಯುತ್ತದೆ. ನೂರು ರಾತ್ರಿ ಆಡಿದರೆ ಕೌಶಲ ನೂರು ಪಟ್ಟು, ಅದೃಷ್ಟದ ಏರುಪೇರು ಹತ್ತು ಪಟ್ಟು. ಕೊನೆಗೆ ಕೌಶಲವೇ ಗೆಲ್ಲುತ್ತದೆ ಅನ್ನುವುದು ನಿಜ. ಪ್ರಶ್ನೆ ಇರುವುದು ಆ ಕೊನೆ ಯಾವಾಗ ಬರುತ್ತದೆ ಅನ್ನುವುದರಲ್ಲಿ.

118ರ ವರ್ಗಮೂಲ ಹತ್ತಿರ ಹತ್ತಿರ 11. ಹನ್ನೊಂದನ್ನು 80ರಿಂದ ಗುಣಿಸಿದರೆ 880. ಅಂದರೆ ಏನೂ ಕೌಶಲವಿಲ್ಲದವನೊಬ್ಬ ನಮ್ಮಲ್ಲಿ 118 ರಾತ್ರಿ ಆಡಿದರೂ ಆರರಲ್ಲಿ ಒಂದು ಪಾಲು ಸಾಧ್ಯತೆಯಿಂದ ಅಷ್ಟು ಮುಂದೆ ಇರಬಹುದಿತ್ತು. ನಾವು ಐದು ಜನ. ಐವರಲ್ಲಿ ಯಾರೋ ಒಬ್ಬರು ಅಷ್ಟು ಮುಂದಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಯಾರು ಮುಂದಿದ್ದಾರೋ ಅವನನ್ನೇ ನಾವು ಪಂಡಿತ ಅನ್ನುತ್ತಿದ್ದೆವು.

ಇನ್ನೂ ಮುಂದೆ ಹೋಗೋಣ. ಒಬ್ಬ ನಿಜಕ್ಕೂ ಒಳ್ಳೆಯ ಆಟಗಾರ, ರಾತ್ರಿಗೆ ಸರಾಸರಿ 4 ಬ್ಲೈಂಡ್ ಗೆಲ್ಲುವವನು ಅಂತಿಟ್ಟುಕೊಳ್ಳಿ. ಅದು ಕಸುಬಿನವರೂ ಒಪ್ಪುವ ಅಂಕಿ. ಅವನ ಗೆಲುವು ಏರುಪೇರಿನ ಎರಡರಷ್ಟಾಗಿ, ಇದು ಅದೃಷ್ಟವಲ್ಲ ಅಂತ ಧೈರ್ಯದಿಂದ ಹೇಳಬೇಕಾದರೆ 1,600 ರಾತ್ರಿ ಬೇಕು. ವರ್ಷಕ್ಕೆ ಇಪ್ಪತ್ತರಂತೆ 80 ವರ್ಷ. ಒಂದೇ ಪಣದಲ್ಲಿ ರಾಜ್ಯ ಗೆದ್ದ ನಳನ ಬಗ್ಗೆ ನನ್ನ ತಕರಾರು ಇದೇ. ಸುಪ್ರೀಂ ಕೋರ್ಟ್ ಹೇಳಿದ್ದು ಸುಳ್ಳಲ್ಲ. ಆದರೆ ಆಡಲು ಕೂತ ಮನುಷ್ಯ ಬದುಕುವುದು ಆ ಎಂಬತ್ತು ವರ್ಷದೊಳಗೆ.

ನನಗೆ ಅವನು ಒಳ್ಳೆಯ ಆಟಗಾರ ಅನ್ನುವುದರಲ್ಲಿ ಅನುಮಾನವಿರಲಿಲ್ಲ. ಬಿಟ್ಟ ಕೈಗಳನ್ನು ಕಣ್ಣಾರೆ ನೋಡಿದ್ದೆ. ನನ್ನ ನೋಟ್‌ಬುಕ್ ಅದಕ್ಕೆ ಸಾಕ್ಷಿಯಲ್ಲ ಅನ್ನುವುದರಲ್ಲೂ ಅನುಮಾನವಿರಲಿಲ್ಲ. ಎರಡನ್ನೂ ಅವನಿಗೆ ಹೇಳಿದೆ. "ಇದನ್ನೇ ಬಂದು ನಾನ್ನಗೆ ಹೇಳು," ಅಂದ. ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಇಬ್ಬರೂ ವಿಜಯವಾಡಕ್ಕೆ ಹೋದೆವು. ಅನ್ನವರಂ, ರಾಜಮಂಡ್ರಿ, ಏಲೂರು ದಾಟುವವರೆಗೂ ಅವನು ಬ್ಲೈಂಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅವನ ತಂದೆ ನಿವೃತ್ತ ರೈಲ್ವೆ ನೌಕರರು. ಪಟಮಟದಲ್ಲಿ ಹಳೆಯ ಮನೆ. ನಾನು ಬಾಬಾಯ್‌ಗಾರು ಅನ್ನುತ್ತೇನೆ. ಅವರೂ ಕಾಲದಲ್ಲಿ ಕ್ಲಬ್ಬಿಗೆ ಹೋಗಿ ಇಪ್ಪತ್ತೊಂದು ಎಲೆಯ ರಮ್ಮಿ ಆಡಿದವರೇ, ಆದ್ದರಿಂದ ಬೈಗುಳ ಬರಲಿಲ್ಲ. ಪೆಸರಟ್ಟು ತಿನ್ನುವವರೆಗೂ ಸುಮ್ಮನಿದ್ದು, ಆಮೇಲೆ ಕನ್ನಡಕ ಹಾಕಿಕೊಂಡು ನೋಟ್‌ಬುಕ್ಕಿನ ಒಂದೊಂದೇ ಪುಟ ತಿರುವಿದರು. ನನ್ನ ವರ್ಗಮೂಲವನ್ನು ತಲೆಯಾಡಿಸಿ ಕೇಳಿಸಿಕೊಂಡರು.

"ಬಾಬು, ಈ ನೂರಾ ಹದಿನೆಂಟು ರಾತ್ರಿ ಇವನ ಎದುರಿಗೆ ಕೂತವರು ಯಾರು?"

"ನಾವೇ ನಾಲ್ಕು ಜನ, ಬಾಬಾಯ್‌ಗಾರು."

"ಅಲ್ಲಿ ನೀವೇ ನಾಲ್ಕು ಜನ ಸಿಗುತ್ತೀರಾ?"

ಈ ಪ್ರಶ್ನೆ ನನ್ನ ಲೆಕ್ಕದಲ್ಲಿ ಬಂದಿರಲಿಲ್ಲ. ಕೌಶಲ ಅನ್ನುವುದು ಆಟಗಾರನೊಳಗೆ ಇರುವ ಗುಣ ಅಂತ ಕೋರ್ಟಿನಿಂದ ಹಿಡಿದು ನಾವೆಲ್ಲ ಮಾತಾಡುತ್ತೇವೆ. ಎದುರಿಗೆ ಕೂತವನನ್ನು ಬಿಟ್ಟು ಅದಕ್ಕೆ ಅಳತೆಯೇ ಇಲ್ಲ. ಮುದುಕರು ಅಲ್ಲಿಗೆ ಬಿಡಲಿಲ್ಲ. ಹುಣಸೆ ಬೀಜ ಪ್ಯಾಕ್ ಮಾಡುವಾಗ ಇದ್ದ ಧೈರ್ಯ ಮನೆಯ ಕಂತಿನ ದುಡ್ಡು ಪ್ಯಾಕ್ ಮಾಡುವಾಗ ಇರುತ್ತದಾ ಅಂತ ಮಗನನ್ನೇ ಕೇಳಿದರು. ಮಗ ಇರುತ್ತದೆ ಅಂದ. ಆಮೇಲೆ ತಮ್ಮ ಕ್ಲಬ್ಬಿನ ಮಾತು ತೆಗೆದರು. ಟೇಬಲ್ಲಿಗೆ ಕೂತವರೆಲ್ಲ ಕ್ಲಬ್ಬಿಗೆ ಇಂತಿಷ್ಟು ಕಟ್ಟಬೇಕಿತ್ತು. ಗೆದ್ದವನೂ ಕಟ್ಟುತ್ತಿದ್ದ, ಸೋತವನೂ ಕಟ್ಟುತ್ತಿದ್ದ. "ಹದಿನಾಲ್ಕು ವರ್ಷ ಹೋದೆ. ನಾವು ಯಾರೂ ಒಂದು ಫ್ಯಾನು ಕೊಳ್ಳಲಿಲ್ಲ. ಕ್ಲಬ್ಬಿಗೆ ವರ್ಷ ವರ್ಷ ಹೊಸ ಫ್ಯಾನು."

ಬೇಡ ಅನ್ನಲಿಲ್ಲ. ಒಂದು ವರ್ಷ ಕೊಟ್ಟರು. ಕಂತು ತಮ್ಮ ಪಿಂಚಣಿಯಿಂದ ಕಟ್ಟುತ್ತೇನೆ, ತಂಗಿಯ ಮದುವೆಯ ಠೇವಣಿ ಮುಟ್ಟಬಾರದು, ಪ್ರತಿ ಕೈಯ ದಾಖಲೆ ಇಡಬೇಕು ಅಂದರು. ತಾಯಿ ಅಡುಗೆಮನೆಯಿಂದ ಆಚೆ ಬರಲೇ ಇಲ್ಲ. ಮರುದಿನ ಬೆಳಿಗ್ಗೆ ಮಗನ ಕೈಗೆ ಕನಕದುರ್ಗಮ್ಮನ ಕುಂಕುಮದ ಪೊಟ್ಟಣ ಕೊಟ್ಟರು, ಅಷ್ಟೇ.

2022ರ ಜೂನ್‌ನಲ್ಲಿ ಅವನು ಬೆಂಗಳೂರಿಗೆ ಹೋದ. ಮಾರತ್ತಹಳ್ಳಿಯಲ್ಲಿ ಒಂದು ರೂಮು. ಒಮ್ಮೆಗೆ ನಾಲ್ಕು ಟೇಬಲ್ ತೆರೆದುಕೊಂಡು ಗಂಟೆಗೆ 260 ಕೈ. ನಮ್ಮ ಮೂರು ಶನಿವಾರಕ್ಕಿಂತ ಹೆಚ್ಚು. ಬ್ಲೈಂಡ್ 20 ರೂಪಾಯಿ. ಮೊದಲ ಎರಡು ತಿಂಗಳು ಫೋನಿನಲ್ಲಿ ದನಿ ಉಬ್ಬಿತ್ತು. ದಸರಾ ಹೊತ್ತಿಗೆ ಮಾತು ಕಡಿಮೆಯಾಯಿತು. ಸತತ ಹತ್ತೊಂಬತ್ತು ದಿನ ಇಳಿದೇ ಇಳಿದದ್ದನ್ನು ನನಗೆ ಆಮೇಲೆ ಹೇಳಿದ. ಆ ದಿನಗಳಲ್ಲೂ ತಾನು ಸರಿಯಾಗಿಯೇ ಆಡುತ್ತಿದ್ದೇನೆ ಅಂತ ಗೊತ್ತಿತ್ತು, ಗೊತ್ತಿದ್ದೂ ರಾತ್ರಿ ನಿದ್ದೆ ಇರಲಿಲ್ಲ ಅಂತ. ಶೇ 35 ಅನ್ನುವುದು ಕಾಗದದ ಮೇಲೆ ಒಂದು ಸಂಖ್ಯೆ, ಬಾಡಿಗೆ ಕಟ್ಟುವ ವಾರದಲ್ಲಿ ಇನ್ನೊಂದು. 2023ರ ಫೆಬ್ರವರಿಯಲ್ಲಿ ವರ್ಷ ತುಂಬುವ ಮೊದಲೇ ವಾಪಸ್ ಬಂದ. ಬರುವಾಗ 1,90,000 ಕೈಗಳ ಫೈಲ್ ತಂದಿದ್ದ.

ಆ ಫೈಲನ್ನು ನಾನು ಎರಡು ಸಲ ನೋಡಿದೆ, ನಂಬಲಾಗದೆ. ಎದುರಾಳಿಗಳಿಂದ ಅವನು ಗೆದ್ದದ್ದು ನೂರು ಕೈಗೆ 5 ಬ್ಲೈಂಡ್, ಅಂದರೆ 100 ರೂಪಾಯಿ. ಒಟ್ಟು 1,90,000 ರೂಪಾಯಿ. ಇಷ್ಟು ಕೈಗಳಲ್ಲಿ ಅದೃಷ್ಟದ ಏರುಪೇರು 4,000 ಬ್ಲೈಂಡ್ ಒಳಗೆ. ಅವನ ಗೆಲುವು 9,500. ಎರಡರಷ್ಟಕ್ಕೂ ಮೇಲೆ. ಎಂಬತ್ತು ವರ್ಷದಲ್ಲಿ ಸಿಗಬೇಕಿದ್ದ ಸಾಕ್ಷಿ ಎಂಟು ತಿಂಗಳಲ್ಲಿ ಸಿಕ್ಕಿತ್ತು: ಅವನು ನಿಜಕ್ಕೂ ಒಳ್ಳೆಯ ಆಟಗಾರ. ಆದರೆ ಪ್ರತಿ ಗುಡ್ಡೆಯಿಂದ ಆ್ಯಪ್ ತನ್ನ ಪಾಲು ಎತ್ತಿಕೊಳ್ಳುತ್ತದೆ, ಪೋಕರಿನಲ್ಲಿ ಅದಕ್ಕೆ ರೇಕ್ ಅನ್ನುತ್ತಾರೆ. ಅವನು ಗೆದ್ದ ಗುಡ್ಡೆಗಳಿಂದ ಹೋದ ರೇಕ್ ಕೂಡಿಸಿದರೆ 1,90,000ಕ್ಕೆ ನಾಲ್ಕೈದು ಸಾವಿರ ಹೆಚ್ಚುಕಡಿಮೆ. ಉಳಿದದ್ದು ಸೊನ್ನೆ. ರೂಮಿನ ಬಾಡಿಗೆ, ಊಟ ಉಳಿತಾಯದಿಂದ ಹೋಗಿತ್ತು.

ಪಟಮಟದಲ್ಲಿ ಬಾಬಾಯ್‌ಗಾರು ಕನ್ನಡಕ ಹಾಕಿಕೊಂಡು ಮೊದಲು ಕೇಳಿದ್ದು ರೇಕಿನ ಕಾಲಮ್ ಯಾವುದು ಅಂತ. ನೋಡಿ, ಆಮೇಲೆ ಗೆಲುವಿನ ಕಾಲಮ್ ನೋಡಿದರು. ಮಗನ ಕಡೆ ತಿರುಗಿ, "ಆಟ ಬರುತ್ತೆ ಕಣೋ ನಿನಗೆ," ಅಂದರು, ತೆಲುಗಿನಲ್ಲಿ, ಒಂದು ಬಗೆಯ ಹೆಮ್ಮೆಯಿಂದಲೇ. ಕಂತಿನ ವಿಷಯ ಯಾರೂ ಎತ್ತಲಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಆಟಕ್ಕೆ ಹಾಕುವ ದುಡ್ಡಿನ ಮೇಲೆ ಶೇ 28 ಜಿ.ಎಸ್.ಟಿ. ಬಂತು, ಅವನ ಸೊನ್ನೆ ಅಲ್ಲಿಗೆ ಮೈನಸ್ ಆಗುತ್ತಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಕೌಶಲವೋ ಅದೃಷ್ಟವೋ ಅನ್ನುವ ಪ್ರಶ್ನೆಯನ್ನು ಆ ಕಾನೂನು ಪಕ್ಕಕ್ಕಿಟ್ಟಿದೆ. ಎರಡಾದರೂ ದುಡ್ಡಿದ್ದರೆ ಬೇಡ. ನನ್ನ ಪರಿಚಯದ ಕೆಲವರಿಗೆ ಇದು ಅನ್ಯಾಯ ಅನ್ನಿಸಿದೆ. ನನಗೆ ಹಾಗನ್ನಿಸಿಲ್ಲ. ನಾನು ನೋಡಿದ ಒಬ್ಬನೇ ಒಬ್ಬ ನಿಜವಾದ ಆಟಗಾರ ಸೊನ್ನೆಗೆ ನಿಂತ. ಅವನ ಎದುರಿಗೆ ಕೂತು ಆ 1,90,000 ಕೊಟ್ಟವರು ಎಲ್ಲಿ ನಿಂತರು ಅನ್ನುವುದು ಅವನ ಫೈಲಿನಲ್ಲಿಲ್ಲ. ಅವರ ಅಪ್ಪಂದಿರು ಯಾರೂ ನೋಟ್‌ಬುಕ್ ಕೇಳಿರಲಿಕ್ಕಿಲ್ಲ.

ಬೆಜವಾಡದವನು ಈಗ ಗನ್ನವರಂ ಕಡೆ ಒಂದು ಕಂಪನಿಯಲ್ಲಿದ್ದಾನೆ. ತಂಗಿಯ ಮದುವೆ ಆಯಿತು, ನಾವೆಲ್ಲ ಬಡಿಸಲು ಹೋಗಿದ್ದೆವು. ತಿಂಗಳಿಗೊಂದು ಶನಿವಾರ ರತ್ನಾಚಲ್ ಹತ್ತಿ ಬರುತ್ತಾನೆ, ಎಂ.ವಿ.ಪಿ. ಕಾಲೊನಿಯ ಅದೇ ಮನೆ, ಅದೇ ಚೀಲದ ಬೀಜ, ಅರ್ಧಕ್ಕೆ ಹುಳು ಹಿಡಿದದ್ದರಿಂದ ಓನರಮ್ಮ ಹೊಸದು ಸೇರಿಸಿದ್ದಾರೆ. ನೋಟ್‌ಬುಕ್ ಮುಂದುವರಿದಿದೆ, ಹೋದ ಶನಿವಾರಕ್ಕೆ 153 ರಾತ್ರಿ. ಒಟ್ಟು ಲೆಕ್ಕದಲ್ಲಿ ಈಗ ಮೊದಲಿಗ ಬಳ್ಳಾರಿಯವನು. ಅವನು ಇವತ್ತಿನವರೆಗೂ ಒಂದು ಕಳಾವರ್ ಎಣಿಸಿದವನಲ್ಲ. ಬೆಜವಾಡದವನು ಎರಡನೆಯವನು. ಹೋದ ಶನಿವಾರ ಪಾತ್ರೆ ತೊಳೆದದ್ದು ನಾನು.